ಕೊಲ್ಯಾಬ್ ಅಂದ್ರೆ ಏನು? ಒಂದೇ ಹಾಡಿಗೆ ಎರಡು ಹೆಸರು ಬಿದ್ರೆ ಕೇಳೋರು ಹೆಂಗೆ ಹೆಚ್ಚಾಗ್ತಾರೆ?

ಈಗ ಸ್ವಂತ ಹಾಡು ಮಾಡೋರ ಬಾಯಲ್ಲಿ ದಿನಾ ಓಡಾಡೋ ಮಾತು ಕೊಲ್ಯಾಬ್, ಅಂದ್ರೆ ಕೊಲ್ಯಾಬೊರೇಷನ್, ಜೊತೆಗೂಡಿ ಹಾಡು ಮಾಡೋದು. "ಒಂದ್ ಕೊಲ್ಯಾಬ್ ಮಾಡೋಣ ಗುರು" ಅಂತಾರೆ, ಸ್ಟುಡಿಯೋಲಿ ಕೂತು ರೆಕಾರ್ಡ್ ಮಾಡ್ತಾರೆ, ರಿಲೀಸೂ ಆಗುತ್ತೆ, ಆಮೇಲೆ ತೆಗೆದು ನೋಡಿದ್ರೆ ಒಬ್ಬರ ಪೇಜಲ್ಲಿ ಹಾಡಿದೆ, ಇನ್ನೊಬ್ಬರ ಪೇಜಲ್ಲಿ ಅದರ ಸುಳಿವೇ ಇಲ್ಲ. ಸ್ಪಾಟಿಫೈ ಥರದ ಹಾಡು ಕೇಳೋ ಆಪ್‌ಗಳಲ್ಲಿ ಕೊಲ್ಯಾಬ್ ಅಂದ್ರೆ ಒಂದೇ ರೆಕಾರ್ಡಿಂಗು ಇಬ್ಬರು ಅಥವಾ ಇನ್ನೂ ಜಾಸ್ತಿ ಆರ್ಟಿಸ್ಟ್‌ಗಳ ಪ್ರೊಫೈಲಿಗೆ ಲಿಂಕ್ ಆಗಿರೋದು, ಅಷ್ಟೇ. ಆ ಲಿಂಕ್ ಇಲ್ಲ ಅಂದ್ರೆ ನೀವು ಎಷ್ಟೇ ಜೀವ ತುಂಬಿ ಹಾಡಿದ್ರೂ ಆಪ್ ಲೆಕ್ಕದಲ್ಲಿ ಆ ಹಾಡಲ್ಲಿ ನೀವಿಲ್ಲ.

ಈ ಲಿಂಕ್ ಹುಟ್ಟೋದು ಡಿಸ್ಟ್ರಿಬ್ಯೂಟರ್ (ನಮ್ಮ ಹಾಡನ್ನ ಆಪ್‌ಗಳಿಗೆ ತಲುಪಿಸೋ ಕಂಪನಿ) ಸೈಟಲ್ಲಿ ಹಾಡು ಅಪ್ಲೋಡ್ ಮಾಡುವಾಗ ತುಂಬೋ ಫಾರ್ಮಲ್ಲಿ. ಅಲ್ಲಿ ಹಾಡಿನ ಹೆಸರಿಗೆ ಒಂದು ಜಾಗ, ಆರ್ಟಿಸ್ಟ್ ಹೆಸರಿಗೆ ಬೇರೆ ಜಾಗ, ಜೊತೆಗೆ ಪಾತ್ರ ಏನು ಅಂತ ಆರಿಸ್ಬೇಕು: ಮೇನ್ (ಮುಖ್ಯ ಆರ್ಟಿಸ್ಟ್), ಫೀಚರ್ಡ್ (ಅತಿಥಿಯಾಗಿ ಹಾಡಿದವರು), ರೀಮಿಕ್ಸರ್ (ಇರೋ ಹಾಡನ್ನ ಬೇರೆ ಥರ ಮಾಡಿದವರು) ಅಂತೆಲ್ಲ. ಸುಮಾರು ಜನ ಹಾಡಿನ ಹೆಸರಿನ ಪಕ್ಕದಲ್ಲೇ "ಫೀಟ್. ಇಂಥವ್ರು" ಅಂತ ಟೈಪ್ ಮಾಡಿ ಮುಂದೆ ಹೋಗ್ಬಿಡ್ತಾರೆ, ಅದು ಬರೀ ಅಕ್ಷರವಾಗಿ ಉಳಿದುಬಿಡುತ್ತೆ. ಇನ್ನೊಂದು ತೊಂದರೆ, ಹೆಸರು ಸರಿಯಾದ ಜಾಗದಲ್ಲೇ ಹಾಕಿರ್ತಾರೆ ಆದ್ರೆ ಅವರ ಪ್ರೊಫೈಲ್ ಲಿಂಕ್ ಕೊಟ್ಟಿರಲ್ಲ, ಆಗ ಅದೇ ಹೆಸರಿನ ಬೇರೆ ಯಾರದೋ ಪೇಜಿಗೆ ಹಾಡು ಹೋಗಿ ಕೂರುತ್ತೆ ಇಲ್ಲಾಂದ್ರೆ ಹೊಸ ಖಾಲಿ ಪೇಜೇ ಹುಟ್ಕೊಳುತ್ತೆ. ನಮ್ಮಲ್ಲಂತೂ ಒಂದೇ ಹೆಸರಿನ ಗಾಯಕರು ಎಷ್ಟು ಜನ ಇದ್ದಾರೆ ಯೋಚನೆ ಮಾಡಿ! ಅದಕ್ಕೇ ರಿಲೀಸಿಗೆ ಮುಂಚೆನೇ ಇಬ್ಬರೂ ತಮ್ಮ ತಮ್ಮ ಪ್ರೊಫೈಲ್ ಲಿಂಕನ್ನ ಒಬ್ಬರಿಗೊಬ್ಬರು ಕಳಿಸ್ಕೊಂಡಿರ್ಬೇಕು.

ಮೇನ್‌ಗೂ ಫೀಚರ್ಡ್‌ಗೂ ವ್ಯತ್ಯಾಸ ದೊಡ್ಡದು. ಇಬ್ಬರೂ ಮೇನ್ ಆಗಿದ್ರೆ ಹಾಡು ಇಬ್ಬರ ಪೇಜಲ್ಲೂ ಅವರವರ ಸ್ವಂತ ಹಾಡುಗಳ ಜೊತೆಗೇ ಕಾಣುತ್ತೆ. ಒಬ್ಬರು ಫೀಚರ್ಡ್ ಆದ್ರೆ ಅವರ ಪೇಜಲ್ಲಿ ತುಂಬಾ ಕೆಳಗೆ, 'ಅಪಿಯರ್ಸ್ ಆನ್' ಅನ್ನೋ ಸಾಲಲ್ಲಿ ಹೋಗಿ ಕೂರುತ್ತೆ, ಅಲ್ಲಿ ತನಕ ಸ್ಕ್ರೋಲ್ ಮಾಡೋರು ಕಮ್ಮಿ. ಸ್ಪಾಟಿಫೈಲಿ ಪ್ಲೇಲಿಸ್ಟಿಗೆ ಹಾಡು ಆರಿಸೋ ಎಡಿಟರ್‌ಗಳಿಗೆ ಹಾಡನ್ನ ಪಿಚ್ ಮಾಡೋ, ಅಂದ್ರೆ ನಮ್ಮ ಹಾಡು ತಗೊಳಿ ಅಂತ ಕೇಳೋ ಅವಕಾಶನೂ ಫೀಚರ್ಡ್ ಆದವರಿಗಿಲ್ಲ. ಆ ಪಿಚ್ಚನ್ನ ರಿಲೀಸಿಗೆ ಕನಿಷ್ಠ 7 ದಿನ ಮುಂಚೆ ಮಾಡಿದ್ರೆ ಹಾಡು ಫಾಲೋವರ್ಸ್‌ಗೆ ಪ್ರತಿ ಶುಕ್ರವಾರ ಹೊಸದಾಗಿ ಬರೋ 'ರಿಲೀಸ್ ರೇಡಾರ್' ಪ್ಲೇಲಿಸ್ಟಿಗೆ ಸೇರುತ್ತೆ. ಹಾಡಿನಲ್ಲಿ ಇಬ್ಬರ ದುಡಿಮೆನೂ ಸರಿಸಮ ಇದ್ರೆ ಇಬ್ಬರನ್ನೂ ಮೇನ್ ಅಂತಲೇ ಹಾಕಿ ಅಂತೀನಿ, ಸಂಕೋಚಕ್ಕೆ ಬಿದ್ದು ಫೀಚರ್ಡ್‌ಗೆ ಒಪ್ಕೊಂಡು ಆಮೇಲೆ ಬೇಜಾರು ಮಾಡ್ಕೊಳೋದಕ್ಕಿಂತ ಮೊದಲೇ ಕೇಳೋದು ಒಳ್ಳೇದು.

ಸರಿ, ಕೇಳೋರು ಹೆಚ್ಚಾಗೋದು ಹೆಂಗೆ? 2017ರ ಉದಾಹರಣೆ ನೋಡಿ. ಪೋರ್ಟೊರಿಕೋದ ಗಾಯಕರಾದ ಲೂಯಿಸ್ ಫೊನ್ಸಿ, ಡ್ಯಾಡಿ ಯಾಂಕಿ ಸೇರಿ ಜನವರಿಯಲ್ಲಿ 'ಡೆಸ್ಪಸೀಟೊ' ಬಿಟ್ರು, ಸ್ಪ್ಯಾನಿಷ್ ಕೇಳೋ ದೇಶಗಳಲ್ಲಿ ಅದು ಆಗಲೇ ದೊಡ್ಡ ಹಿಟ್. ಏಪ್ರಿಲಲ್ಲಿ ಇಂಗ್ಲಿಷ್ ಪಾಪ್ ಹಾಡುಗಾರ ಜಸ್ಟಿನ್ ಬೀಬರ್ ಸೇರ್ಕೊಂಡ ರೀಮಿಕ್ಸ್ ಬಂತು, ಬೀಬರ್ ಕೂಡ ಅದರಲ್ಲಿ ಸ್ಪ್ಯಾನಿಷ್ ಸಾಲು ಹಾಡಿದ್ರು, ಆಮೇಲೆ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಅದುವರೆಗೆ ಸ್ಪ್ಯಾನಿಷ್ ಹಾಡಿನ ಕಡೆ ತಿರುಗಿಯೂ ನೋಡದ ಬೀಬರ್ ಅಭಿಮಾನಿಗಳೂ ಅದನ್ನ ಕೇಳಿದ್ರು. ಇಲ್ಲಿ ಗಮನಿಸ್ಬೇಕಾದ್ದು, ಎರಡೂ ಕಡೆಯ ಕೇಳುಗರು ಬೇರೆ ಬೇರೆ ಇದ್ರು ಆದ್ರೆ ಪಾಪ್ ಹಾಡಿನ ರುಚಿ ಒಂದೇ ಇತ್ತು. ನಿಮ್ಮ ಅದೇ ಐನೂರು ಜನ ಕೇಳುಗರೇ ನಿಮ್ಮ ಗೆಳೆಯನಿಗೂ ಇದ್ರೆ ಕೊಲ್ಯಾಬಿಂದ ಹೊಸಬರು ಬರಲ್ಲ, ಪೂರ್ತಿ ಬೇರೆ ರುಚಿಯವರಾದ್ರೆ ಬಂದವರು ಅರ್ಧಕ್ಕೇ ಸ್ಕಿಪ್ ಮಾಡ್ತಾರೆ. ಹುಬ್ಬಳ್ಳಿ ಕಡೆ ಭಾಷೆಲಿ ರ‍್ಯಾಪ್ ಮಾಡೋರು ಮಂಗಳೂರಲ್ಲಿ ತುಳು ರ‍್ಯಾಪ್ ಮಾಡೋರ ಜೊತೆ ಸೇರಿದ್ರೆ ಊರು ಬೇರೆ ಕೇಳೋರು ಬೇರೆ ಆದ್ರೆ ಬೀಟ್ ಇಬ್ಬರಿಗೂ ಗೊತ್ತಿರೋದೇ, ಅಂಥ ಜೋಡಿ ನನಗೆ ಬಹಳ ಭರವಸೆಯದು ಅನ್ಸುತ್ತೆ.

ಹಾಡು ಬಂದಮೇಲೆ ಮಂತ್ಲಿ ಲಿಸನರ್ಸ್ ಏರಿರೋದು ನೋಡಿ ಖುಷಿಪಡ್ತಾರೆ. ಅದು ಕಳೆದ 28 ದಿನದಲ್ಲಿ ಕೇಳಿದ ಬೇರೆ ಬೇರೆ ಜನರ ಲೆಕ್ಕ, ಹಾಗಾಗಿ ಕೊಲ್ಯಾಬ್ ಬಿಸಿ ಆರಿದ ಕೂಡಲೇ ತಾನಾಗೇ ಇಳಿಯುತ್ತೆ. ನೋಡ್ಬೇಕಾದ್ದು ಫಾಲೋವರ್ಸ್ ಎಷ್ಟು ಹೆಚ್ಚಾದ್ರು, ಎಷ್ಟು ಜನ ಸೇವ್ ಮಾಡಿದ್ರು, ಬಂದವರು ನಿಮ್ಮ ಹಳೇ ಹಾಡುಗಳನ್ನ ಮುಟ್ಟಿದ್ರಾ ಅನ್ನೋದು. ನಂಬರ್ ಏರಿಸೋಕೆ ದುಡ್ಡು ಕೊಟ್ಟು ಸ್ಟ್ರೀಮ್ (ಆಪಲ್ಲಿ ಹಾಡು ಪ್ಲೇ ಆದ ಲೆಕ್ಕ) ಕೊಂಡ್ಕೊಳೋ ದಾರಿಗೆ ದಯವಿಟ್ಟು ಹೋಗ್ಬೇಡಿ, ನಕಲಿ ಸ್ಟ್ರೀಮ್ ಅಂತ ಗೊತ್ತಾದ್ರೆ ಹಾಡನ್ನೇ ತೆಗೆದುಬಿಡಬಹುದು, ಆಗ ನಿಮ್ಮ ಜೊತೆ ಹಾಡಿದವರ ಶ್ರಮಾನೂ ಹೋಗುತ್ತೆ.

ದುಡ್ಡಿನ ಮಾತು ರೆಕಾರ್ಡಿಂಗಿಗೆ ಮುಂಚೆನೇ ಆಗ್ಲಿ. ಹಾಡಲ್ಲಿ ಹೆಸರಿದೆ ಅಂತ ಪಾಲು ತಾನಾಗೇ ಬರಲ್ಲ, ರಾಯಲ್ಟಿ, ಅಂದ್ರೆ ಹಾಡು ಪ್ಲೇ ಆಗಿದ್ದಕ್ಕೆ ಸಿಗೋ ದುಡ್ಡು, ಹೋಗೋದು ಅಪ್ಲೋಡ್ ಮಾಡಿದವರ ಡಿಸ್ಟ್ರಿಬ್ಯೂಟರ್ ಅಕೌಂಟಿಗೆ. 2024ರಿಂದ ಸ್ಪಾಟಿಫೈಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸ್ಟ್ರೀಮ್ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿನೇ ಇಲ್ಲ. ಕೆಲವು ಡಿಸ್ಟ್ರಿಬ್ಯೂಟರ್‌ಗಳಲ್ಲಿ ಸ್ಪ್ಲಿಟ್ ಅಂತ ಒಂದು ಸೌಲಭ್ಯ ಇರುತ್ತೆ, ಶೇಕಡಾ ಇಷ್ಟು ಅಂತ ಹಾಕಿದ್ರೆ ಅವರವರ ಪಾಲು ಅವರವರಿಗೇ ಹೋಗುತ್ತೆ. ಸಾಹಿತ್ಯ, ರಾಗ ಸಂಯೋಜನೆ ಮಾಡಿದವರ ಹಕ್ಕು ಇದರಿಂದ ಬೇರೆ, ನಮ್ಮ ದೇಶದಲ್ಲಿ ಅದನ್ನ ನೋಡ್ಕೊಳೋದು 1969ರಲ್ಲಿ ಶುರುವಾದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಅನ್ನೋ ಸಂಸ್ಥೆ. ಪಾಲು ಎಷ್ಟು, ಹಾಡನ್ನ ಯಾರು ಅಪ್ಲೋಡ್ ಮಾಡ್ತಾರೆ ಅನ್ನೋದು ವಾಟ್ಸಾಪ್ ಮೆಸೇಜಲ್ಲಾದ್ರೂ ಬರಹದಲ್ಲಿರ್ಲಿ. ಇಬ್ಬರೂ ಬೇರೆ ಬೇರೆಯಾಗಿ ಅಪ್ಲೋಡ್ ಮಾಡಿದ್ರೆ ಒಂದೇ ಹಾಡು ಎರಡೆರಡು ಸಲ ಬಂದು ಸ್ಟ್ರೀಮ್ ಹಂಚಿಹೋಗುತ್ತೆ.