ಡಿಗ್ರಿಗಿಂತ ಚಿಕ್ಕ ಸರ್ಟಿಫಿಕೇಟ್: ಬೆಲೆ ಕಟ್ಟುವವರು ಯಾರು?

ಡಿಗ್ರಿಗೆ ಸೇರಿ ಒಂದೇ ವರ್ಷಕ್ಕೆ ಕಾಲೇಜು ಬಿಟ್ಟವರಿಗೂ ಸರ್ಟಿಫಿಕೇಟ್, ಎರಡು ವರ್ಷ ಓದಿದವರಿಗೆ ಡಿಪ್ಲೊಮಾ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೀಗೆಂದಾಗ ಭಾರೀ ಹೊಸ ವಿಚಾರ ಎಂಬಂತೆ ಚರ್ಚೆಯಾಯಿತು. ಆದರೆ ಅರ್ಧ ದಾರಿಯ ಓದಿಗೂ ಮನ್ನಣೆ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿಯೇ. ಮದರಾಸು ವಿಶ್ವವಿದ್ಯಾಲಯದ ಕಾಲದಲ್ಲಿ ಬಿ.ಎ.ಗಿಂತ ಮೊದಲು ಎಫ್.ಎ. (ಫಸ್ಟ್ ಆರ್ಟ್ಸ್) ಪರೀಕ್ಷೆ ಇತ್ತು. ಅಷ್ಟು ಪಾಸಾದವರಿಗೂ ಗುಮಾಸ್ತಿಕೆಯೋ ಮೇಷ್ಟರ ಕೆಲಸವೋ ಸಿಗುತ್ತಿತ್ತು. ಮುಂದೆ ಅದರ ಜಾಗಕ್ಕೆ ಇಂಟರ್‌ಮೀಡಿಯೆಟ್ ಬಂತು. ಕಲ್ಕತ್ತ ವಿಶ್ವವಿದ್ಯಾಲಯದ ಸುಧಾರಣೆಗೆಂದು 1917ರಲ್ಲಿ ನೇಮಕವಾದ ಸ್ಯಾಡ್ಲರ್ ಆಯೋಗ ಆ ಹಂತವನ್ನು ವಿಶ್ವವಿದ್ಯಾಲಯದಿಂದ ಬೇರ್ಪಡಿಸಿ ಎಂದಿತು. ಇಂದಿನ ಪಿಯುಸಿ ಆ ಹಂತದ್ದೇ ವಾರಸುದಾರ.

ಅಮೆರಿಕದಲ್ಲಿ 1901ರಲ್ಲಿ ಶುರುವಾದ ಜೋಲಿಯೆಟ್ ಜೂನಿಯರ್ ಕಾಲೇಜಿನ ಮಾದರಿ ಬೆಳೆದು, ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಅಲ್ಲಿ ಮಾಮೂಲಾಯಿತು. ಇಂಗ್ಲೆಂಡ್ 2001ರಲ್ಲಿ ಇಂಥದೇ, ಪೂರ್ಣ ಪದವಿಗಿಂತ ಚಿಕ್ಕದಾದ ಫೌಂಡೇಶನ್ ಡಿಗ್ರಿ ತಂದಿತು.

ನಮ್ಮಲ್ಲಿ ನಿಜವಾಗಿ ಬಾಳಿದ್ದು ಪಾಲಿಟೆಕ್ನಿಕ್ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ. ಮುಗಿಸಿದವರು ಲೋಕೋಪಯೋಗಿ ಇಲಾಖೆ ಅಥವಾ ರೈಲ್ವೆಯ ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು. ಓದುವ ಆಸೆಯಿದ್ದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಒಂದು ಕಡೆ ನೌಕರಿ, ಇನ್ನೊಂದು ಕಡೆ ಮುಂದಿನ ಓದು. ಎರಡೂ ಕಾಗದದ ಮೇಲಿನ ಭರವಸೆಯಲ್ಲ, ನಿಯಮದಲ್ಲೇ ಇವೆ. ಹೀಗಾಗಿಯೇ ಅಪ್ಪ-ಅಮ್ಮಂದಿರು ಧೈರ್ಯವಾಗಿ ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಾರೆ.

ಹೊಸ ನೀತಿಯ ಸರ್ಟಿಫಿಕೇಟ್‌ಗೆ ಈ ಬೆಂಬಲ ಇರಲಿಲ್ಲ. ವಿಶ್ವವಿದ್ಯಾಲಯಗಳ ಮೇಲುಸ್ತುವಾರಿ ನೋಡುವ ಯುಜಿಸಿ 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ, ಮೊದಲ ವರ್ಷ 40 ಕ್ರೆಡಿಟ್ (ಓದಿದ ಗಂಟೆಗಳನ್ನು ಅಳೆಯುವ ಲೆಕ್ಕ) ಗಳಿಸಿ, ಬೇಸಿಗೆ ರಜೆಯಲ್ಲಿ 4 ಕ್ರೆಡಿಟ್‌ನ ವೃತ್ತಿ ಕೋರ್ಸ್ ಮುಗಿಸಿದರೆ ಸರ್ಟಿಫಿಕೇಟ್. ಮೂರು ವರ್ಷದೊಳಗೆ ವಾಪಸ್ ಬಂದು, ಒಟ್ಟು ಏಳು ವರ್ಷದೊಳಗೆ ಡಿಗ್ರಿ ಮುಗಿಸಬಹುದು. ಸರಿ. ಆದರೆ ಆ ಸರ್ಟಿಫಿಕೇಟ್ ಹಿಡಿದುಕೊಂಡು ಯಾವ ಅರ್ಜಿ ತುಂಬಬೇಕು? ಸರ್ಕಾರಿ ಕಚೇರಿಯ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುದ್ದೆಗೆ ಪಿಯುಸಿ ಸಾಕು, ಎಫ್‌ಡಿಎಗೆ (ಪ್ರಥಮ ದರ್ಜೆ ಸಹಾಯಕ) ಪದವಿಯೇ ಬೇಕು. ಇವೆರಡರ ನಡುವೆ ಒಂದು ವರ್ಷ ಹೆಚ್ಚು ಓದಿದವರಿಗೆ ಬೇರೆ ಸಾಲಿಲ್ಲ. ಬಡತನಕ್ಕೋ ಮದುವೆಗೋ ಓದು ಬಿಟ್ಟ ಹುಡುಗಿಗೆ ಅದು ಪಿಯುಸಿ ಅಂಕಪಟ್ಟಿಗಿಂತ ಹೆಚ್ಚೇನೂ ಕೊಡುವುದಿಲ್ಲ. ಕಾಲೇಜು ಬಿಡಿಸುವುದಕ್ಕೆ ಮನೆಯವರಿಗೆ ಒಂದು ನೆಪ ಸಿಕ್ಕಿತು ಎಂಬ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ.

ಯುಜಿಸಿ ಚೌಕಟ್ಟಿಗೂ ಮುಂಚೆ, 2021-22ರಲ್ಲೇ, ಎಲ್ಲರಿಗಿಂತ ಮೊದಲು ಕರ್ನಾಟಕ ಹೊಸ ನೀತಿಯನ್ನು, ಅದರ ನಾಲ್ಕು ವರ್ಷದ ಡಿಗ್ರಿ ಸಮೇತ, ಪದವಿ ಕಾಲೇಜುಗಳಿಗೆ ತಂದಿತು. ಪಠ್ಯಕ್ರಮ ತಯಾರಿಸಲು ಅಧ್ಯಾಪಕರಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಸರ್ಕಾರ ಬದಲಾಯಿತು. 2023ರಲ್ಲಿ ಯುಜಿಸಿ ಮಾಜಿ ಅಧ್ಯಕ್ಷ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. 2024ರ ಮೇನಲ್ಲಿ ಹೊರಟ ಆದೇಶದಂತೆ 2024-25ರಿಂದ ಮೂರು ವರ್ಷದ ಡಿಗ್ರಿಯೇ ಮತ್ತೆ ಬಂತು.

ಮುಂದೆ ಯಾರಾದರೂ ಒಂದು ವರ್ಷದ ಸರ್ಟಿಫಿಕೇಟನ್ನು ಮತ್ತೆ ತರುವುದಾದರೆ, ಮೊದಲು ಮುಟ್ಟಬೇಕಾದ್ದು ಸಿಲಬಸ್ ಅಲ್ಲ, ಯಾವ ಹುದ್ದೆಗೆ ಯಾವ ಓದು ಬೇಕೆಂದು ಹೇಳುವ ಇಲಾಖೆಗಳ ವೃಂದ ಮತ್ತು ನೇಮಕಾತಿ ನಿಯಮಗಳು. ಅವನ್ನು ತಿದ್ದುವ ಅಧಿಕಾರ ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲ.