ಉಸ್ತಾದ್‌ಗೆ ಪರೀಕ್ಷೆ ಉಂಟು, ಮೇಷ್ಟ್ರಿಗೆ?

ನಮ್ಮ ಸೊಸೈಟಿಯ ಹುಡುಗನೊಬ್ಬ ಮಹಾರಾಷ್ಟ್ರ ಪೊಲೀಸ್ ಸೇರಿದ. ಅಪ್ಪ ಕುಂದಾಪುರ ಕಡೆಯವರು, ಅಂಧೇರಿಯಲ್ಲಿ ಕ್ಯಾಂಟೀನ್. ಒಂಬತ್ತು ತಿಂಗಳ ಟ್ರೇನಿಂಗ್ ಮುಗಿಸಿ ಬಂದಾಗ, "ಹೇಗಿತ್ತು ಮಾರಾಯ?" ಎಂದು ಕೇಳಿದೆ. "ಗ್ರೌಂಡಲ್ಲಿ ಉಸ್ತಾದ್ ಬೆವರಿಳಿಸಿದ್ರು ಅಂಕಲ್. ಕ್ಲಾಸಲ್ಲಿ ಗೈಡ್ ಓದಿಸಿದ್ರು" ಎಂದ. ಯಾವ ಶಾಲೆ ಎಂಬುದು ಇಲ್ಲಿ ಬೇಡ. ಎಷ್ಟೋ ಕಡೆಯ ಹುಡುಗರು ಹೇಳುವುದು ಹೆಚ್ಚುಕಡಿಮೆ ಇದನ್ನೇ.

ಪೊಲೀಸರಿಗೆ ಕಲಿಸುವವರು ಕಲಿಸಲು ಅರ್ಹರು ಎಂದು ಹೇಳುವುದು ಯಾರು? ಪ್ರಶ್ನೆ ಹಳೆಯದು. 1861ರಲ್ಲಿ ಪೊಲೀಸ್ ಕಾಯ್ದೆ ಬಂತು. 1902-03ರ ಫ್ರೇಜರ್ ಆಯೋಗ ಪ್ರಾಂತ್ಯಗಳಲ್ಲಿ ತರಬೇತಿ ಶಾಲೆ ಬೇಕು ಎಂದಿತು. 1906ರಲ್ಲಿ ಪುಣೆಯ ಭಾಂಬುರ್ಡಾದಲ್ಲಿ, ಅಂದರೆ ಈಗಿನ ಶಿವಾಜಿನಗರದಲ್ಲಿ, ಒಂದು ಶಾಲೆ ಶುರುವಾಯಿತು. ಮೂರು ವರ್ಷದಲ್ಲಿ ಅದು ನಾಸಿಕಕ್ಕೆ ಹೋಯಿತು. ಇವತ್ತಿನ ಮಹಾರಾಷ್ಟ್ರ ಪೊಲೀಸ್ ಅಕಾಡೆಮಿಯ ಮೂಲ ಅದೇ. ಕಾನ್‌ಸ್ಟೇಬಲ್‌ಗಳಿಗೆ ಮರೋಳ್, ಖಂಡಾಳಾದಂಥ ಬೇರೆ ಶಾಲೆಗಳಿವೆ. ಗೋವಾದವರಿಗೆ ವಾಳ್ಪೈ.

ಈ ಶಾಲೆಗಳ ಭಾಷೆಯಲ್ಲಿ ಪಾಠ ಎರಡೇ ಬಗೆ: ಔಟ್‌ಡೋರ್, ಇಂಡೋರ್. ಕವಾಯತು ಕಲಿಸುವ ಉಸ್ತಾದ್ ಮೊದಲು ತಾನೇ ಡ್ರಿಲ್ ಕೋರ್ಸ್ ಮಾಡಿ ಪಾಸಾಗಬೇಕು. ಬಂದೂಕು ಕಲಿಸುವವರದೂ ಹಾಗೆಯೇ. ಕಾಲು ತಪ್ಪು ಬಿದ್ದರೆ ಇಡೀ ಮೈದಾನಕ್ಕೆ ಕಾಣುತ್ತದಲ್ವಾ, ಅದಕ್ಕೇ ಇರಬೇಕು. ತರಗತಿಯ ತಪ್ಪು ಕಾಣುವುದು ವರ್ಷಗಳ ಮೇಲೆ, ಕೋರ್ಟಿನಲ್ಲಿ, ಪಂಚನಾಮೆ ಬಿದ್ದುಹೋದಾಗ.

ಇದನ್ನು ಗಂಭೀರವಾಗಿ ನೋಡಿದವರಲ್ಲಿ ಮುಂಬಯಿಯವರೇ ಒಬ್ಬರು ಇದ್ದರು. 1971ರಲ್ಲಿ ಕೇಂದ್ರ ಸರ್ಕಾರ ಪೊಲೀಸ್ ತರಬೇತಿ ಬಗ್ಗೆ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಪ್ರೊ. ಎಂ.ಎಸ್. ಗೋರೆ. ಆಗ ಅವರು ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರು. 1973ರಲ್ಲಿ ವರದಿ ಬಂತು. ಅದರ ಬೆನ್ನಿಗೆ ದೆಹಲಿಯ ಪೊಲೀಸ್ ಸಂಶೋಧನಾ ಬ್ಯೂರೋದಲ್ಲಿ ತರಬೇತಿ ವಿಭಾಗವೇ ಹುಟ್ಟಿತು. ಕಲಿಸುವವರಿಗೂ ಕಲಿಸಬೇಕು ಎಂಬ ಮಾತು ನೆಲೆಯಾಯಿತು. ಭೋಪಾಲದ ಕೇಂದ್ರ ಅಕಾಡೆಮಿಯಲ್ಲಿ ಅಂಥ ಕೋರ್ಸುಗಳಿವೆ. ಕೇಂದ್ರದ ಸಿಬ್ಬಂದಿ ಇಲಾಖೆಯ ಐದು ದಿನದ 'ಡೈರೆಕ್ಟ್ ಟ್ರೇನರ್ ಸ್ಕಿಲ್ಸ್' ಕೋರ್ಸೂ ಇದೆ. ಮುಗಿಸಿದರೆ ಸರ್ಟಿಫಿಕೇಟ್ ಸಿಗುತ್ತದೆ.

ಸರ್ಟಿಫಿಕೇಟ್ ಇದೆ, ಸರಿ. ಕಡ್ಡಾಯ ಮಾಡುವ ಕೈ ಯಾವುದು? ಸಂವಿಧಾನದಲ್ಲಿ ಪೊಲೀಸ್ ರಾಜ್ಯದ ವಿಷಯ. ಹಾಗಾಗಿ ಇಡೀ ದೇಶಕ್ಕೆ ಒಂದೇ ನಿಯಮ ಇಲ್ಲ. ನಮ್ಮ ಗಲ್ಲಿಯ ಮೋಟರ್ ಡ್ರೈವಿಂಗ್ ಸ್ಕೂಲ್ ನೋಡಿ. ಅಲ್ಲಿ ಕಲಿಸುವವನಿಗೆ ಐದು ವರ್ಷದ ಚಾಲನೆ ಅನುಭವ ಬೇಕು, ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟ್ ಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಕ್ಲಚ್ ಕಲಿಸಲು ಇಷ್ಟು ಬೇಕು! ಬಂಧನದ ಕಾನೂನು ಕಲಿಸಲು ದೇಶಕ್ಕೆಲ್ಲ ಅನ್ವಯಿಸುವ ಇಂಥದ್ದೊಂದು ಇಲ್ಲ.

ಇನ್ನೊಂದು ತೊಡಕು ಬದಲಿಯದು. ಟ್ರೇನಿಂಗ್ ಶಾಲೆಗೆ ಹಾಕಿದರೆ ಇಲಾಖೆಯಲ್ಲಿ ಅದಕ್ಕೆ 'ಸೈಡ್ ಪೋಸ್ಟಿಂಗ್' ಎನ್ನುತ್ತಾರೆ. ಹೋದವರ ಕಣ್ಣು ಠಾಣೆಯ ಮೇಲೆಯೇ. ಕೋರ್ಸ್ ಮಾಡಿಸಿ ಕೈ ಕುದುರುವಷ್ಟರಲ್ಲಿ ಬದಲಿ ಆರ್ಡರ್ ಬರುತ್ತದೆ. ಸರ್ಟಿಫಿಕೇಟ್ ಅವರ ಜೊತೆಗೇ ಹೋಗುತ್ತದೆ. ಪೊಲೀಸ್ ಸುಧಾರಣೆ ಕುರಿತ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕನಿಷ್ಠ ಎರಡು ವರ್ಷದ ಅವಧಿ ಕೊಡಿ ಎಂದಿತು. ಆದರೆ ಅದು ಡಿಜಿಪಿ, ಎಸ್‌ಪಿ, ಠಾಣಾಧಿಕಾರಿಯಂಥವರಿಗೆ. ಮೇಷ್ಟ್ರ ಹೆಸರು ಅದರಲ್ಲಿ ಬರಲಿಲ್ಲ.

ಇದೆಲ್ಲ ಸುಮ್ನೆ ಫೈಲಿನ ಮಾತು ಎನಿಸುತ್ತಿತ್ತು, 2024ರವರೆಗೆ. 2023ರ ಡಿಸೆಂಬರ್‌ನಲ್ಲಿ ಸಂಸತ್ತು ಮೂರು ಹೊಸ ಕ್ರಿಮಿನಲ್ ಕಾನೂನು ಪಾಸು ಮಾಡಿತು. 2024ರ ಜುಲೈ 1ಕ್ಕೆ ಜಾರಿ. ಮಧ್ಯೆ ಸಿಕ್ಕಿದ್ದು ಆರು ತಿಂಗಳು. 511 ಕಲಮುಗಳ ಐಪಿಸಿ ಹೋಗಿ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ 302 ಈಗ 103. ಬೈಗುಳವೇ ಆಗಿಹೋಗಿದ್ದ ಚಾರ್‌ಸೌಬೀಸ್, ಅಂದರೆ ವಂಚನೆಯ 420, ಈಗ 318. ನಿದ್ದೆಯಲ್ಲೂ ನಂಬರ್ ಹೇಳುತ್ತಿದ್ದ ಹಳೆ ಮೇಷ್ಟ್ರು ಒಂದೇ ರಾತ್ರಿಯಲ್ಲಿ ವಿದ್ಯಾರ್ಥಿಯಾದರು.

ನಂಬರ್ ಬಾಯಿಪಾಠ ಮಾಡಬಹುದು ಬಿಡಿ. ಕಷ್ಟ ಇದ್ದದ್ದು ಬೇರೆ ಕಡೆ. ಶೋಧ, ಜಪ್ತಿ ಮಾಡುವಾಗ ವಿಡಿಯೊ ಮಾಡಬೇಕು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದಕ್ಕೆ ರಾಜ್ಯಗಳಿಗೆ ಐದು ವರ್ಷದ ಸಮಯ ಇದೆ. ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆ ಐಪಿಸಿಯೇ. ಹಾಗಾಗಿ ಎರಡೂ ಕಲಿಸಬೇಕು. ದೆಹಲಿಯ ಆ ಪೊಲೀಸ್ ಸಂಶೋಧನಾ ಬ್ಯೂರೋ ಪಾಠಗಳನ್ನು ತಯಾರಿಸಿತು, ಮಾಸ್ಟರ್ ಟ್ರೇನರ್‌ಗಳಿಗೆ ಕಲಿಸಿತು, ಅವರು ಮುಂದಿನವರಿಗೆ ಕಲಿಸಬೇಕಿತ್ತು. ಕಿವಿಯಿಂದ ಕಿವಿಗೆ ದಾಟುತ್ತ ಕೊನೆಯ ಬೆಂಚಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಅಳೆಯುವ ಕೆಲಸ ಹಾಗೇ ಉಳಿದಿದೆ.

ಮಹಾರಾಷ್ಟ್ರದ ಶಾಲೆಗಳಲ್ಲಿ 'ವಿಧಿ ನಿದೇಶಕ', ಅಂದರೆ ಕಾನೂನು ಕಲಿಸುವ ಮೇಷ್ಟ್ರು, ಎಂಬ ಹುದ್ದೆ ಇದೆ. ವಕೀಲರನ್ನು ಕಾಂಟ್ರಾಕ್ಟ್ ಮೇಲೆ ತೆಗೆದುಕೊಳ್ಳುವುದೂ ಉಂಟು. ನನ್ನ ಕೇಳಿದರೆ ಇದು ಒಳ್ಳೆಯ ದಾರಿಯೇ. ಹೊಸ ಕಲಂ ಅವರಿಗೆ ಕೋರ್ಟಿನಲ್ಲೂ ಅನ್ನದ ಪ್ರಶ್ನೆ. ಆದರೆ ಕಾನೂನು ಗೊತ್ತಿರುವುದು ಬೇರೆ, ಹತ್ತೊಂಬತ್ತರ ಹುಡುಗನಿಗೆ ಅದನ್ನು ಹೇಳಿಕೊಡುವುದು ಬೇರೆ. ಆ ಐದು ದಿನದ ಕೋರ್ಸಿಗೆ ಇವರನ್ನೂ ಕಳಿಸಬಹುದು. ಕಳಿಸಿದರೂ ಕಾಂಟ್ರಾಕ್ಟ್ ಮುಗಿದ ದಿನ ಅವರು ಫೈಲು ಹಿಡಿದು ಕೋರ್ಟಿನ ಕಡೆ ನಡೆಯುತ್ತಾರೆ, ಮುಂದಿನ ಬ್ಯಾಚಿಗೆ ಮತ್ತೆ ಜಾಹೀರಾತು.