ಬಿಸಿ ಇರುವಾಗಲೇ ಉದುರುವ ಹರಳು

ಬಿ.ಎಸ್ಸಿ. ಲ್ಯಾಬಿನಲ್ಲಿ ನಾನು ಪ್ರತಿ ವರ್ಷ ತಪ್ಪದೆ ಮಾಡಿಸುವ ಒಂದು ಪ್ರಯೋಗ ಇದೆ. ಮಲೆಯಿಕ್ ಆಮ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಗಾಢ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುದಿಸುವುದು. ತಿಳಿಯಾಗಿದ್ದ ದ್ರಾವಣದಲ್ಲಿ ಸ್ವಲ್ಪ ಹೊತ್ತಿಗೆ ಬಿಳಿ ಹರಳು ಇಳಿಯತೊಡಗುತ್ತದೆ. "ಸಾರ್, ಇನ್ನೂ ತಣ್ಣಗಾಗೇ ಇಲ್ಲ, ಆಗ್ಲೇ ಹರಳು ಬಂತಲ್ಲ!" ಎಂದು ಯಾರಾದರೂ ಕೂಗಿಯೇ ಕೂಗುತ್ತಾರೆ. ನಾನು ಕಾಯುವುದೂ ಅದಕ್ಕೇ.

ಉದುರಿದ್ದು ಫ್ಯೂಮರಿಕ್ ಆಮ್ಲ. ಎರಡರ ಸೂತ್ರವೂ ಒಂದೇ, ಯಾವ ಪರಮಾಣು ಯಾವುದಕ್ಕೆ ಅಂಟಿದೆ ಅನ್ನುವುದೂ ಒಂದೇ. ಮಲೆಯಿಕ್‌ನಲ್ಲಿ ಎರಡೂ ಆಮ್ಲದ ಗುಂಪುಗಳು ದ್ವಿಬಂಧದ, ಅಂದರೆ ಎರಡು ಇಂಗಾಲಗಳ ನಡುವಿನ ಜೋಡಿ ಬಂಧದ, ಒಂದೇ ಮಗ್ಗುಲಲ್ಲಿವೆ, ಅದು ಸಿಸ್. ಫ್ಯೂಮರಿಕ್‌ನಲ್ಲಿ ಆಚೆಗೊಂದು ಈಚೆಗೊಂದು, ಅದು ಟ್ರಾನ್ಸ್. ಇಷ್ಟಕ್ಕೇ ಗುಣ ಎಷ್ಟು ಬದಲಾಗುತ್ತದೆ ನೋಡಿ: 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಮಲೆಯಿಕ್ 700 ಗ್ರಾಂಗಿಂತ ಜಾಸ್ತಿ ಕರಗುತ್ತದೆ, ಫ್ಯೂಮರಿಕ್ 7 ಗ್ರಾಂ ಕೂಡ ಕರಗುವುದಿಲ್ಲ. ಮಲೆಯಿಕ್‌ನ ಗುಂಪುಗಳು ತಮ್ಮತಮ್ಮಲ್ಲೇ ಕೈ ಹಿಡಿದುಕೊಳ್ಳುತ್ತವೆ. ಫ್ಯೂಮರಿಕ್‌ನವು ಎರಡೂ ಕಡೆ ಪಕ್ಕದ ಅಣುಗಳನ್ನು ಹಿಡಿದು ಗಟ್ಟಿ ಸಾಲು ಕಟ್ಟುತ್ತವೆ.

ಏಕಬಂಧವಾದರೆ ಸುಮ್ನೆ ತಿರುಗುತ್ತಿತ್ತು, ಈ ಎರಡನ್ನು ಬೇರೆ ಬೇರೆ ಬಾಟಲಿಯಲ್ಲಿ ಇಡಲು ಆಗುತ್ತಲೇ ಇರಲಿಲ್ಲ. ದ್ವಿಬಂಧ ತಿರುಗಲು ಬಿಡುವುದಿಲ್ಲ. ಮತ್ತೆ ಬೀಕರಿನಲ್ಲಿ ಹೇಗೆ ತಿರುಗಿತು? ಹೈಡ್ರೋಕ್ಲೋರಿಕ್ ಆಮ್ಲದ ಕ್ಲೋರೈಡ್ ಬಂದು ಒಂದು ಇಂಗಾಲದ ಮೇಲೆ ಕೂರುತ್ತದೆ. ಬಂಧ ಏಕವಾಗುತ್ತದೆ, ಅಣು ತಿರುಗುತ್ತದೆ, ಕ್ಲೋರೈಡ್ ಎದ್ದು ಹೋಗುತ್ತದೆ. ಬಂದ ನೆಂಟ ಮನೆಯ ಸಾಮಾನನ್ನೆಲ್ಲ ಜಾಗ ಬದಲಾಯಿಸಿ ಹೋದ ಹಾಗೆ.

ಅಡುಗೆಯ ವನಸ್ಪತಿ ತುಪ್ಪದಲ್ಲಿ (ಡಾಲ್ಡಾ) ಟ್ರಾನ್ಸ್ ಕೊಬ್ಬು ಹುಟ್ಟುವುದೂ ಹೆಚ್ಚುಕಡಿಮೆ ಹೀಗೇ. ನಿಕ್ಕಲ್ ಮೇಲೆ ಎಣ್ಣೆಗೆ ಹೈಡ್ರೋಜನ್ ಸೇರಿಸುವಾಗ ಅದು ಅಂಟಿ ಮತ್ತೆ ಬಿಡುವುದುಂಟು. ಬಿಟ್ಟಾಗ ದ್ವಿಬಂಧ ಟ್ರಾನ್ಸ್ ಆಗಿ ಕೂಡಿಕೊಳ್ಳಬಹುದು. ಎಣ್ಣೆಗಳಲ್ಲಿರುವ, ಸಿಸ್ ಆಗಿರುವ ಓಲಿಕ್ ಆಮ್ಲ ಸುಮಾರು 13 ಡಿಗ್ರಿಗೇ ಕರಗುತ್ತದೆ, ಅದರ ಟ್ರಾನ್ಸ್ ಜೋಡಿ ಎಲೈಡಿಕ್‌ಗೆ 45ರ ಹತ್ತಿರ ಬೇಕು. ನಮ್ಮ ದೇಶದಲ್ಲಿ 2022ರಿಂದ ಎಣ್ಣೆ, ಕೊಬ್ಬುಗಳಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬಿಗೆ 2% ಮಿತಿ ಇದೆ.

ಲ್ಯಾಬಿನಲ್ಲೂ ಕೊನೆಯ ಪರೀಕ್ಷೆ ಮೆಲ್ಟಿಂಗ್ ಪಾಯಿಂಟೇ. ಮಲೆಯಿಕ್ 135ರ ಆಸುಪಾಸಿನಲ್ಲಿ ಕರಗುತ್ತದೆ. ಫ್ಯೂಮರಿಕ್‌ಗೆ 280 ದಾಟಬೇಕು, ಹರಳನ್ನು ಕಾಯಿಸಲು ಬಳಸುವ ನಮ್ಮ ಪ್ಯಾರಾಫಿನ್ ಎಣ್ಣೆ ಅಲ್ಲಿಯವರೆಗೆ ತಡೆಯುವುದಿಲ್ಲ. ಹಾಗಾಗಿ 200ಕ್ಕೂ ಹರಳು ಕದಲದಿದ್ದರೆ "ಬರ್ನರ್ ಆರಿಸಿ, ಬಂದಿದೆ" ಎಂದು ರೆಕಾರ್ಡಿಗೆ ಸಹಿ ಹಾಕುತ್ತೇನೆ.